ಮಗಳಿಗೊಂದು ಪತ್ರ: ಭಾಷೆ ಬಂದರಷ್ಟೇ ಸಾಕಾ?

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. 'ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಈಗ ಬರೀ ಹೊರಗಿನವರೇ. ನಮ್ಮ ಭಾಷೆ ಕಲಿಯುವುದಿಲ್ಲ, ನಮ್ಮ ಜೊತೆ ಬೆರೆಯುವುದೂ ಇಲ್ಲ' ಅಂದೆ. ಬೇರೆ ಯಾರಾದರೂ ಅಂದಿದ್ದರೆ ಸುಮ್ನೆ ಇರುತ್ತಿದ್ದೆ.

ಗೋವಾದ ಮಡಗಾಂವದಲ್ಲಿ ನೀನು ಬಾಡಿಗೆ ಮನೆ ಹುಡುಕಿದ್ದು ನೆನಪಿದೆ ಅಲ್ವಾ? ಕೊಂಕಣಿಯಲ್ಲೇ ಮಾತಾಡಿದ್ದೆ. ಅಡ್ವಾನ್ಸ್ ಮಾತೂ ಮುಗಿದಿತ್ತು. ಆಧಾರ್ ಕಾರ್ಡಿನಲ್ಲಿ ಕಾರವಾರ ಅಂತ ಕಂಡಿದ್ದೇ ತಡ, 'ಕರ್ನಾಟಕದವರಿಗೆ ಕೊಡುವುದಿಲ್ಲ' ಅಂದುಬಿಟ್ಟರು. ಆ ರಾತ್ರಿ ನೀನು ಅತ್ತಿದ್ದೆ. ಭಾಷೆ ಬಂದರೂ ಮನೆ ಸಿಗಲಿಲ್ಲ.

ನಮ್ಮ ಜಿಲ್ಲೆಯ ಸಿದ್ದಿಗಳನ್ನೇ ನೋಡು. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದು ಶತಮಾನಗಳೇ ಕಳೆದವು. ಯಲ್ಲಾಪುರ, ಹಳಿಯಾಳದ ಕಡೆ ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಹೊರಗೆ ಕನ್ನಡ. ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಆದರೂ ಇವತ್ತಿಗೂ 'ನಿಮ್ಮದು ಯಾವ ದೇಶ' ಅಂತ ಅವರನ್ನು ಕೇಳುವವರಿದ್ದಾರೆ. ಇನ್ನೆಷ್ಟು ಬೆರೆಯಬೇಕು ಅವರು?

ಬಂದವರು ಕನ್ನಡ ಕಲಿಯಲಿ ಅನ್ನುವುದು ತಪ್ಪಲ್ಲ, ನನಗೂ ಅದೇ ಆಸೆ. ಆದರೆ ಬಂದರಿಗೆ ದುಡಿಯಲು ಬಂದ ಒಡಿಶಾ, ಜಾರ್ಖಂಡದ ಈ ಹುಡುಗರು ಬೋಟಿನಲ್ಲೇ ದುಡಿದು, ಬೋಟಿನಲ್ಲೇ ಉಂಡು, ಅಲ್ಲೇ ಮಲಗುತ್ತಾರೆ. ಯಾರ ಹತ್ತಿರ ಕಲಿಯಬೇಕು? 1966ರಲ್ಲಿ ಟಿಬೆಟಿಯನ್ನರು ಮುಂಡಗೋಡಿಗೆ ಬಂದಾಗ ಅವರಿಗೆ ಜಮೀನು ಸಿಕ್ಕಿತು, ಆಮೇಲೆ ಶಾಲೆ, ಆಸ್ಪತ್ರೆಯೂ ಆದವು. ಬೋಟಿನ ಈ ಹುಡುಗರಿಗೆ ಕಾಲು ಚಾಚಲು ಒಂದು ಕೋಣೆಯೂ ಇಲ್ಲ.

ಹೋದ ವಾರ ಮೀನಿಗೆ ಹೋಗಿದ್ದೆ. ಒಬ್ಬ ಹುಡುಗ ಬುಟ್ಟಿಗೆ ಬಂಗಡೆ ಎಣಿಸಿ ಹಾಕುತ್ತಿದ್ದ, ಕನ್ನಡದಲ್ಲೇ. ಐದಾದ ಮೇಲೆ ತಡವರಿಸಿದ. ಬುಟ್ಟಿ ಹಿಡಿದಿದ್ದ ಅಕ್ಕ 'ಆರು' ಅಂದಳು. ಅವನು 'ಆರು' ಅಂದ. ಹತ್ತರವರೆಗೂ ಹೀಗೇ ನಡೆಯಿತು. ಆಮೇಲೆ ಅವಳು ಅರ್ಧಂಬರ್ಧ ಹಿಂದಿಯಲ್ಲಿ ಅವನ ಊರು ಕೇಳಿದಳು, ಅಮ್ಮ ಹೇಗಿದ್ದಾಳೆ ಅಂತ ಕೇಳಿದಳು. ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು.

ಜೂನ್ 1ರಿಂದ ಎರಡು ತಿಂಗಳು ಬೋಟು ಬಂದ್, ಹುಡುಗರು ಊರಿಗೆ ಹೋಗುತ್ತಾರೆ. ಆಗಸ್ಟ್‌ನಲ್ಲಿ ವಾಪಸ್ ಬಂದ ಮೇಲೆ, ನೀನು ರಜೆಗೆ ಬಂದಾಗೆಲ್ಲ ಸಂಜೆ ಒಂದು ಗಂಟೆ ಅವರಿಗೆ ಕನ್ನಡ ಹೇಳಿಕೊಡೋಣವಾ? ಜಾಸ್ತಿ ಏನೂ ಬೇಡ. ಬಸ್ಸಿನ ಬೋರ್ಡು ಓದುವಷ್ಟು, ಡಾಕ್ಟರ ಹತ್ತಿರ ಎಲ್ಲಿ ನೋವು ಅಂತ ಹೇಳುವಷ್ಟು. ನಮ್ಮ ಜಗುಲಿಯಲ್ಲೇ ಕೂರಬಹುದು. ನೀನು ಹೂಂ ಅಂದರೆ ನಾನು ಬೋಟಿನ ಮಾಲೀಕರ ಹತ್ತಿರ ಮಾತಾಡುತ್ತೇನೆ.

ಇಂತಿ ನಿನ್ನ,
ಅಮ್ಮ