ಕಾಡುಮರ ಬೆಳೆಸಿದವರಿಗೆ ಮರದ ಹಕ್ಕು ಕೊಡಿ

ಮಾನ್ಯ ಸಂಪಾದಕರೇ,

ಈಚಿನ ವರ್ಷಗಳಲ್ಲಿ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಬೆಳೆಗಾರಳಾಗಿ ನನಗೂ ಖುಷಿಯೇ. ಆದರೆ ಬೆಲೆ ಏರಿದ ಮೇಲೆ ನಮ್ಮ ಸುತ್ತಲಿನ ತೋಟಗಳಲ್ಲಿ ಗರಗಸದ ಸದ್ದೂ ಜಾಸ್ತಿಯಾಗಿದೆ. ನೆರಳು ಕಡಿಮೆಯಾದರೆ ಫಸಲು ಹೆಚ್ಚು ಅನ್ನುವ ಲೆಕ್ಕ. ಮರ ಕಪಾತು ಮಾಡಿ ಬಿಸಿಲು ಬಿಡುವುದು ಬೇರೆ. ಅಜ್ಜನ ಕಾಲದ ಅತ್ತಿ, ನಂದಿ, ಹೊನ್ನೆ ಮರಗಳನ್ನು ಬುಡಸಮೇತ ತೆಗೆದು ಸಾಲಾಗಿ ಸಿಲ್ವರ್ ಓಕ್ ನೆಡುವುದು ಬೇರೆ, ಅಲ್ವಾ?

ಇದಕ್ಕೆ ಬೆಳೆಗಾರರನ್ನಷ್ಟೇ ದೂರುವುದು ಸರಿಯಲ್ಲ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ಎಲ್ಲಕ್ಕಿಂತ ಹೆಚ್ಚಾಗಿ, 1976ರ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ವಿನಾಯಿತಿ ಇದೆ. ಹೊನ್ನೆಗೋ ನಂದಿಗೋ ಅರ್ಜಿ ಹಿಡಿದು ಅಲೆಯಬೇಕು. ಬಾಣೆ ಜಮೀನಾದರೆ (ಕೊಡಗಿನಲ್ಲಿ ಗದ್ದೆಯ ಜೊತೆಗೆ ಹಿಂದೆ ಕೊಟ್ಟ ಕಾಡಿನ ಜಾಗ) ಮರದ ಹಕ್ಕು ಯಾರದು ಎಂಬ ಗೋಜಲು ಬೇರೆ. ಹೀಗಾಗಿ ಕಳೆ ತೆಗೆಯುವಾಗಲೇ ಕಾಡುಮರದ ಸಸಿಯನ್ನೂ ಕಿತ್ತು ಹಾಕುತ್ತಾರೆ. ದೊಡ್ಡದಾದ ಮೇಲೆ ತಲೆನೋವು ಯಾರಿಗೆ ಬೇಕು? ಮರ ಉಳಿಸಲು ಬಂದ ಕಾಯ್ದೆಯೇ ನಮ್ಮ ಮರಗಳು ಮೇಲೇಳದಂತೆ ಮಾಡಿದೆ.

ನಷ್ಟ ಕಾಡಿಗೆ ಮಾತ್ರವಲ್ಲ, ತೋಟಕ್ಕೂ ಇದೆ. ರೋಬಸ್ಟಾ ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಆ ಕೆಲಸಕ್ಕೆ ಹೆಜ್ಜೇನು ಬರುತ್ತದೆ. ಅದು ಗೂಡು ಕಟ್ಟುವುದು ಎತ್ತರದ ಹಳೇ ಮರಗಳ ಅಗಲವಾದ ಕೊಂಬೆಗಳಲ್ಲಿ. ಅರೇಬಿಕಾ ಕಾಫಿ ಬೆಳೆಯುವವರಿಗೆ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ದುಂಬಿಯ ಕಾಟ ಗೊತ್ತೇ ಇದೆ. ಆ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ. ಇನ್ನು ಮಣ್ಣು. ನಮ್ಮ ತೋಟದಲ್ಲಿ ಅತ್ತಿ, ಹಾಲವಾಣದ ಕೆಳಗೆ ತರಗೆಲೆ ಸರಿಸಿದರೆ ಕಪ್ಪು ಪುಡಿಮಣ್ಣು, ಎರೆಹುಳು, ಬಿಳಿ ಬೂಸ್ಟಿನ ನೂಲು ಕಾಣುತ್ತದೆ. ಕಳೆನಾಶಕ ಹೊಡೆದು ಬೋಳು ಮಾಡಿದ ಇಳಿಜಾರಿನಿಂದ ಜುಲೈ ಮಳೆಗೆ ಕೆಂಪು ನೀರು ಹರಿದು ಹೋಗುತ್ತದೆ. ಗೊಬ್ಬರದ ದುಡ್ಡೂ ಅದರೊಂದಿಗೇ ಹೋಗುತ್ತದೆ.

ಜಮೀನನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ ಬ್ರಹ್ಮಗಿರಿ ತಪ್ಪಲಿನ ತೆರಾಲುವಿನಲ್ಲಿ ಪಾಳು ಬಿದ್ದ 55 ಎಕರೆ ಕೊಂಡರು. ಅದೇ ಮುಂದೆ ಸುಮಾರು 300 ಎಕರೆಯ ಸಾಯಿ ಅಭಯಾರಣ್ಯವಾಯಿತು. ಇಂದು ಅಲ್ಲಿ ಆನೆ, ಮಂಗಟ್ಟೆ ಹಕ್ಕಿ ಎಲ್ಲ ಇವೆ. ಎಲ್ಲರೂ ಹಾಗೆ ಪೂರ್ತಿ ಬಿಡಲಾರರು, ನಾನೂ ಬಿಡಲಾರೆ. ಆದರೆ ತೋಡಿನ (ಸಣ್ಣ ಹಳ್ಳದ) ಎರಡೂ ಬದಿಯ ಒಂದಿಷ್ಟು ಜಾಗವನ್ನು ಕತ್ತಿ ಮುಟ್ಟಿಸದೆ ಬಿಡುವುದು ಯಾವ ಬೆಳೆಗಾರರಿಗೂ ಕಷ್ಟವಲ್ಲ. ನಾವು ಬಿಟ್ಟ ಕಡೆ ಯಾರೂ ನೆಡದೆಯೇ ಹೆಬ್ಬಲಸು, ದೂಪ ಎದ್ದಿವೆ. ಹಕ್ಕಿಗಳೂ ಪುನುಗು ಬೆಕ್ಕುಗಳೂ ಬೀಜ ತಂದು ಹಾಕಿರಬೇಕು.

ಹಲಸು ಬೆಳೆಸಿದರೆ ಆನೆ ಬರುತ್ತದೆ ಎನ್ನುತ್ತಾರೆ. ನಿಜ, ಬರುತ್ತದೆ. ಕೆಲಸದವರ ಜೀವದ ಪ್ರಶ್ನೆ, ಹಗುರಾಗಿ ಮಾತಾಡುವಂತಿಲ್ಲ. ಕೆಲಸದವರ ಲೈನ್ ಮನೆಗಳ ಹತ್ತಿರದ ಹಲಸಿನ ಕಾಯಿಯನ್ನು ನಾವು ಎಳಸಾಗಿದ್ದಾಗಲೇ ಇಳಿಸುತ್ತೇವೆ. ಆದರೆ ಹಲಸಿಲ್ಲದ ತೋಟಕ್ಕೂ ಆನೆ ಬರುತ್ತಿದೆ. ಮರ ಕಡಿದ ಮಾತ್ರಕ್ಕೆ ಅದರ ದಾರಿ ಬದಲಾಗುವುದಿಲ್ಲ.

ಸರ್ಕಾರಕ್ಕೆ ನನ್ನ ಬೇಡಿಕೆ ಇಷ್ಟೇ. ಬೆಳೆಗಾರರು ತಾವೇ ನೆಟ್ಟ ಸ್ಥಳೀಯ ಮರಗಳನ್ನು ಪಂಚಾಯಿತಿಯಲ್ಲೇ ನೋಂದಾಯಿಸಲು ಅವಕಾಶ ಕೊಡಿ. ಒಂದು ಕಡಿದರೆ ಇಂತಿಷ್ಟು ನೆಡಬೇಕೆಂಬ ಷರತ್ತು ಹಾಕಿ, ಕಡಿಯುವ ಹಕ್ಕನ್ನೂ ಕೊಡಿ. ತೋಡಿನ ಬದಿ ಕಾಡು ಬಿಟ್ಟವರಿಗೆ ಎಕರೆ ಲೆಕ್ಕದಲ್ಲಿ ಸಹಾಯಧನ ಕೊಡಿ. ಅರಣ್ಯ ಇಲಾಖೆ ಮಳೆಗಾಲಕ್ಕೆ ಮುಂಚೆ ಸಸಿ ವಿತರಿಸುತ್ತದಲ್ಲ, ಹೊನ್ನೆ ಸಸಿಯ ಜೊತೆಗೇ ಅದರ ಹಕ್ಕಿನ ಚೀಟಿಯನ್ನೂ ಕೈಗೆ ಕೊಡಲಿ.

– ಒಬ್ಬ ಕಾಫಿ ಬೆಳೆಗಾರ್ತಿ, ಪೊನ್ನಂಪೇಟೆ ತಾಲ್ಲೂಕು, ಕೊಡಗು