ಎಳೆಯುವ ಶಕ್ತಿಯಷ್ಟೇ ಸಾಲದು, ಹೊರುವ ಮಿತಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಎಳೆಯಲು ಏಳು ಸೀಟಿನ ಹಳೆಯ ಡೀಸೆಲ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಸಿಗುವ ಗಾಡಿ) ಹುಡುಕುತ್ತಿದ್ದೇನೆ. ಜಾಹೀರಾತುಗಳಲ್ಲೆಲ್ಲ '3,500 ಕೆ.ಜಿ. ಎಳೆಯುತ್ತದೆ' ಎಂದಷ್ಟೇ ಇರುತ್ತದೆ. ಅದು ತನ್ನದೇ ಬ್ರೇಕ್ ಇರುವ ಕ್ಯಾರವಾನ್‌ಗೆ ಹೇಳಿದ ಗರಿಷ್ಠ ಮಿತಿ. ಮಕ್ಕಳು, ಅಜ್ಜಿ, ತಾತ ಎಲ್ಲರೂ ಕೂತ ಮೇಲೆ ಲೆಕ್ಕವೇ ಬೇರೆ.

ಕ್ಯಾರವಾನ್‌ನ ಮೂತಿ ಹಿಂದಿನ ಕೊಕ್ಕೆಯ ಮೇಲೆ ಒತ್ತುವ ಭಾರವನ್ನೂ ಗಾಡಿಯೇ ಹೊರಬೇಕು. ಆ ಭಾರ 150 ಕೆ.ಜಿ. ಇದ್ದರೆ, ಇಬ್ಬರು ದೊಡ್ಡವರು ಜಾಸ್ತಿ ಹತ್ತಿದ ಹಾಗೆ. ಹೊರುವ ಮಿತಿ, ಅಂದರೆ ಜನ, ಸಾಮಾನು, ಕೊಕ್ಕೆಯ ಭಾರ ಎಲ್ಲ ಸೇರಿ ಗಾಡಿ ಹೊರಬಹುದಾದ ತೂಕ, 600 ಕೆ.ಜಿ. ಅಂದುಕೊಳ್ಳಿ. ಉಳಿಯುವುದು 450. ಏಳು ಜನ, ಅವರ ಬ್ಯಾಗು ಸೇರಿದರೆ ಅಲ್ಲಿಗೆ ಮುಗಿಯಿತಲ್ವಾ? ಗಾಡಿ, ಕ್ಯಾರವಾನ್ ಎರಡೂ ಸೇರಿದ ತೂಕಕ್ಕೂ ಬೇರೆ ಮಿತಿ ಇರುತ್ತದೆ. ಹೊರುವ ಮಿತಿ ಮೀರಿದರೆ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಬಹುದು. ಮಕ್ಕಳಿರುವ ಗಾಡಿಯಲ್ಲಿ ಇದು ಸಣ್ಣ ಮಾತಲ್ಲ.

ಭಾರ ಎಳೆದು ದಣಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಡೀಸೆಲ್ ಗಾಡಿಯಲ್ಲಿ ಹೊಗೆಮಸಿಯ ಫಿಲ್ಟರ್ ಕಟ್ಟಿಕೊಂಡಿರಬಹುದು. ಇವನ್ನು ಕೊಳ್ಳುವವರೇ ನೋಡಿಕೊಳ್ಳಬಹುದು. ಆದರೆ ಹೊರುವ ಮಿತಿಯನ್ನು ಜಾಹೀರಾತಿನಲ್ಲೇ ಬರೆಯುವಂತೆ ಮಾರುವವರಿಗೆ ದಯವಿಟ್ಟು ಹೇಳಿ.

ಇಂತಿ,
ನಿಮ್ಮ ಓದುಗ