ಕಂಪನಿ ಇರುತ್ತೋ ಇಲ್ವೋ

ಸಾಗರ

ಪ್ರೀತಿಯ ಸುಮಾ,

ನಿನ್ನ ಕಾಗದ ತಲುಪಿತು. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, "ಅತ್ತೆ, ಮನೆ ಸಾಲ ಇಪ್ಪತ್ತು ವರ್ಷದ್ದು, ನಮ್ಮ ಕರೆಂಟ್ ಕಂಪನಿ ಐದು ವರ್ಷ ಇರುತ್ತೋ ಇಲ್ವೋ" ಅಂತ. ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು 1999ರಲ್ಲಿ ನಾನು ಆಡಿದ್ದೆ.

ಆಗ ಕೆಇಬಿಯ, ಅಂದರೆ ಸರ್ಕಾರದ ವಿದ್ಯುತ್ ಮಂಡಳಿಯ, ಕ್ಯಾಶ್ ಕೌಂಟರಿನಲ್ಲಿದ್ದೆ. ಆಗಸ್ಟಿನಲ್ಲಿ ಬೋರ್ಡು ಹೋಗಿ ಕೆಪಿಟಿಸಿಎಲ್ ಅನ್ನುವ ಸರ್ಕಾರಿ ಕಂಪನಿ ಆಯಿತು. ಅದೇ ವರ್ಷ ಒರಿಸ್ಸಾದಲ್ಲಿ ಕರೆಂಟ್ ವಿತರಣೆ ಖಾಸಗಿಯವರ ಕೈಗೆ ಹೋಗಿತ್ತು. ಮುಂದಿನ ಸರದಿ ನಮ್ಮದೇ ಅಂತ ಊಟದ ಹೊತ್ತಿನಲ್ಲಿ ದಿನಾ ಅದೇ ಮಾತು. 2002ರಲ್ಲಿ ಮತ್ತೆ ಒಡೆದರು, ನಾವು ಕರೆಂಟ್ ಹಂಚುವ ಮೆಸ್ಕಾಂ ಕಂಪನಿಯವರಾದೆವು. ಘಟ್ಟದ ಮೇಲಿನವರಿಗೆ ಮಂಗಳೂರು ಹೆಡ್ಡಾಫೀಸು! ಹೆಸರು ಬದಲಾಯಿತು ನೋಡು, ಜೂನ್ ಬಂದರೆ ಲೈನಿನ ಮೇಲೆ ಮರ ಬೀಳುವುದು ಬದಲಾಗಲಿಲ್ಲ. ನಾನು ಅಲ್ಲೇ ನಿವೃತ್ತಿಯಾದೆ.

ಹಾಗಂತ ನೀನು ಸುಮ್ನೆ ಹೆದರ್ತಿದ್ದೀಯ ಅಂತ ಹೇಳಲಾರೆ. ನಿನ್ನ ಕಂಪನಿಯದು ವಿಚಿತ್ರ ವ್ಯಾಪಾರ. ಅಂಗಡಿಯಲ್ಲಿ ಕೂತಿರುವುದು ನೀವು, ದರ ಬರೆಯುವವರು ಕೆಇಆರ್‌ಸಿ ಅನ್ನುವ ವಿದ್ಯುತ್ ಆಯೋಗದವರು, ಇವರಿಗೆಲ್ಲ ಪುಕ್ಕಟೆ ಕೊಡಿ ಅಂತ ಹೇಳುವವರು ವಿಧಾನಸೌಧದಲ್ಲಿ. ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ದುಡ್ಡು ಸರ್ಕಾರದಿಂದ ಬರಬೇಕು. 2023ರಿಂದ ಗೃಹಜ್ಯೋತಿಯ 200 ಯೂನಿಟ್‌ವರೆಗಿನದ್ದೂ ಅಲ್ಲಿಂದಲೇ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಈ ಸಬ್ಸಿಡಿಯನ್ನು ಮುಂಗಡವಾಗಿ ಕೊಡಬೇಕು ಅನ್ನುತ್ತದೆ. ಆದರೆ ದುಡ್ಡು ತಡವಾದರೂ ಕರೆಂಟ್ ಕೊಂಡ ಬಿಲ್ಲು ಕಾಯುವುದಿಲ್ಲ, ಕಂಪನಿ ಸಾಲಕ್ಕೆ ಇಳಿಯಬೇಕು. ಪುಕ್ಕಟೆ ಕರೆಂಟನ್ನು ನಾನು ಬೈಯುವುದಿಲ್ಲ. ಬಿಲ್ ಕಟ್ಟಲಾಗದೆ ಕೌಂಟರಿನ ಮುಂದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಕೊಡುವ ಮಾತು ಒಬ್ಬರದ್ದು, ಲೆಕ್ಕ ಇನ್ನೊಬ್ಬರದ್ದು ಆದಾಗ ನಿನ್ನಂಥವರಿಗೆ ಈ ಹೆದರಿಕೆ ಹುಟ್ಟುತ್ತದೆ, ಅಷ್ಟೆ.

ಜನ ಬೈತಾರೆ ಅಂತಲೂ ಬರೆದಿದ್ದೀಯ. 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ ಪಿಂಚಣಿ, ಗ್ರಾಚುಟಿಗೆ ಅಂತ ಸೇರಿತಲ್ಲ, ಅದು ನಮ್ಮಂಥವರ ಪಿಂಚಣಿ ಕಣೆ. ಬೈಗುಳ ನಿನಗೆ, ದುಡ್ಡು ನನಗೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಿಮ್ಮ ಕಾಲದವರಿಗೆ ಇಷ್ಟೇ ಬರುತ್ತದೆ ಅಂತ ಖಾತ್ರಿಯಿಲ್ಲದ ಎನ್‌ಪಿಎಸ್ ಪಿಂಚಣಿ ಬೇರೆ, ನನಗಿರುವ ಆಸರೆ ನಿನಗಿಲ್ಲ.

ಖಾಸಗಿಯವರಿಗೆ ಕೊಟ್ಟೇಬಿಟ್ಟರೆ? 2022ರ ಆಗಸ್ಟಿನಲ್ಲಿ ವಿದ್ಯುತ್ ಕಾಯ್ದೆಯ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಾಗಲೂ ಇದೇ ಗಾಬರಿ ಇತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು. ಇನ್ನೊಂದು ರೂಪದಲ್ಲಿ ಬರಬಹುದು, ಬರುವುದಿಲ್ಲ ಅಂತ ನಾನು ಹೇಗೆ ಹೇಳಲಿ? ಆದರೆ ಅದೇ 2003ರ ಕಾಯ್ದೆಯ 133ನೇ ಸೆಕ್ಷನ್ ಒಮ್ಮೆ ಓದು. ನೌಕರರನ್ನು ಹೊಸ ಕಂಪನಿಗೆ ವರ್ಗಾಯಿಸಿದರೆ ಸೇವಾ ಷರತ್ತು ಮೊದಲಿಗಿಂತ ಕಡಿಮೆಯಾಗಬಾರದು ಅಂತ ಇದೆ. ಒರಿಸ್ಸಾದಲ್ಲೂ ಒಂದು ಖಾಸಗಿ ಕಂಪನಿ ಚಂಡಮಾರುತದ ನಂತರ ಕೈಬಿಟ್ಟು ಹೋಯಿತು, ಇನ್ನೊಂದರ ಲೈಸೆನ್ಸು 2015ರಲ್ಲಿ ರದ್ದಾಯಿತು. ಯಾರು ಬಂದರೂ ಹೋದರೂ ಲೈನ್ ನೋಡಿಕೊಳ್ಳುವವರು ಬೇಕೇ ಬೇಕಾಯಿತು.

ಕಾಯ್ದೆಯಲ್ಲಿ ಇದ್ದರೆ ಸಾಕಾ ಅಂತ ನೀನು ಕೇಳುತ್ತೀಯ, ಗೊತ್ತು. ನಮ್ಮ ಮನೆಯವಳಲ್ವಾ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಜಮೀನು ಮುಳುಗಿದಾಗ ಅಪ್ಪಯ್ಯನಿಗೆ ಕೊಟ್ಟ ಮಾತೂ ಸರ್ಕಾರದ್ದೇ. ಮುಳುಗಡೆಯ ಕಥೆ ಮತ್ತೆ ಹೇಳುವುದಿಲ್ಲ. ಜಮೀನಿನ ಹಕ್ಕುಪತ್ರಕ್ಕೆ ಮುಳುಗಡೆಯ ಜನ ಇವತ್ತಿಗೂ ಓಡಾಡುತ್ತಿದ್ದಾರೆ. ಆ ಭಯ ನನ್ನಲ್ಲೂ ಇತ್ತು, ಅದಕ್ಕೇ 1999ರಲ್ಲಿ ಸಂಬಳವನ್ನೆಲ್ಲ ಮುಟ್ಟದೆ ಬ್ಯಾಂಕಿಗೆ ಹಾಕುತ್ತಿದ್ದೆ. ನಿನ್ನಪ್ಪನಿಗೆ ಆ ವರ್ಷ ತೋಟಕ್ಕೆ ದುಡ್ಡು ಬೇಕಿತ್ತು. ಕೆಲಸವೇ ಹೋಗಬಹುದು, ನನ್ನ ಕೈಲಾಗೋದಿಲ್ಲ ಅಂದೆ. ಅವನು ಕೈಸಾಲ ಮಾಡಿದ, ಜಾಸ್ತಿ ಬಡ್ಡಿಗೆ. ಇವತ್ತಿನವರೆಗೆ ಆ ಮಾತು ಎತ್ತಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ನನಗೆ ತೋಚಿದ್ದು ಇಷ್ಟು, ಬೇಡವಾದರೆ ಬಿಡು. ಸಾಲ ಮಾಡು, ಆದರೆ ಬ್ಯಾಂಕಿನವರು ಕೊಡುವಷ್ಟನ್ನೂ ತೆಗೆದುಕೊಳ್ಳಬೇಡ. ಆರು ತಿಂಗಳ ಕಂತು ಕೈಯಲ್ಲಿರಲಿ. ನೇಮಕದ ಆದೇಶ, ಸೇವಾ ಪುಸ್ತಕದ ನಕಲು ಮನೆಯಲ್ಲೂ ಇಟ್ಟುಕೋ. ಯೂನಿಯನ್ ಮೀಟಿಂಗಿಗೆ ಹೋಗು, ಹೆಂಗಸರು ಯಾಕೆ ಅಂತ ನಾವು ಹಿಂದೆ ಉಳಿದದ್ದೇ ಸಾಕು. ಕೆಇಆರ್‌ಸಿ ದರದ ಆದೇಶವನ್ನು ಪೇಪರಿನಲ್ಲಿ ಬಂದಷ್ಟೇ ಓದಬೇಡ, ಪೂರ್ತಿ ಓದು. ನಿನಗೆ ಅರ್ಥವಾಗುತ್ತದೆ, ನನಗೆ ಆಗುತ್ತಿರಲಿಲ್ಲ.

ಸಹಿ ಹಾಕುವ ಮೊದಲು ಒಂದು ಫೋನ್ ಮಾಡು. ಮುಂಗಡಕ್ಕೆ ಕಡಿಮೆ ಬಿದ್ದರೆ ನನ್ನನ್ನು ಕೇಳು, ಅಪ್ಪನನ್ನು ಕೇಳಬೇಡ. ಸಿಗಲಿಲ್ಲವೆಂದರೆ ಕರೆಂಟ್ ಹೋಗಿ ಟವರ್ ಸತ್ತಿದೆ ಅಂತ ತಿಳಿದುಕೊಂಡು ಮರುದಿನ ಮಾಡು.

ನಿನ್ನ ಅತ್ತೆ